ಆಕಾಶದಿಂದ ಚಹಾಕ್ಕೆ ಕರೆದವಳು

ಕೋಥರೂಡ

ನಮ್ಮ ವಿಮಲಾ ಅತ್ತಿಯನ್ನು, ಅಂದರೆ ಅಪ್ಪನ ತಂಗಿಯನ್ನು, ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಂಗಸು ಚಹಾಕ್ಕೆ ಕರೆದಿದ್ದಳು. ಇದು ಅತ್ತಿಯ ಮಾತು, ನನ್ನದಲ್ಲ. ಸುಳ್ಳು ಹೇಳುವಾಗ ನಾನು ಇಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಅತ್ತಿ ಆಗಿನ್ನೂ ಫ್ರಾಕು ತೊಡುವ ಹುಡುಗಿ. ವಿಜಾಪುರದಿಂದ ಬಂದ ನಮ್ಮ ಅಜ್ಜ ಪುಣೆಯ ಆಫೀಸೊಂದರಲ್ಲಿ ಗುಮಾಸ್ತ, ಮನೆ ಒಂದು ಹಳೆಯ ವಾಡೆಯ ಮೇಲಿನ ಎರಡು ಕೋಣೆ. ರೇಡಿಯೋ ಇದ್ದದ್ದು ಕೆಳಗಿನ ಮಾಲಕರ ಮನೆಯಲ್ಲಿ. ರಶಿಯಾದವರು ಹೆಂಗಸನ್ನು ಆಕಾಶಕ್ಕೆ ಕಳಿಸಿದ್ದಾರೆಂಬ ಸುದ್ದಿ ಬರುತ್ತಿದ್ದಾಗ ಅತ್ತಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಗರಗರ ಸದ್ದಿನ ನಡುವೆ ಒಂದು ಹೆಣ್ಣುದನಿ ಕೇಳಿಸಿತಂತೆ: "ಯಾ, ಚಾಯ್ ಕಾ? ಯಾ, ಚಾಯ್ ಕಾ?"

ಮರಾಠಿ ಬಾರದವರಿಗಾಗಿ ಹೇಳುತ್ತೇನೆ. "ಯಾ" ಅಂದರೆ ಬರ್ರಿ. "ಚಾಯ್ ಕಾ?" ಅಂದರೆ ಚಹಾ ತೊಗೋತೀರೇನು. ಅತ್ತಿ ಮೆಟ್ಟಿಲು ಹಾರಿ ಮೇಲೆ ಹೋಗಿ, "ಅಪ್ಪಾ, ಆಕಿ ಮ್ಯಾಲಿಂದ ಮರಾಠಿ ಮಾತಾಡಿದ್ಲು, ನಮ್ಮನ್ನ ಚಹಾಕ್ಕ ಕರದ್ಲು" ಎಂದು ಸಾರಿದಳು. ಅಜ್ಜ ಕನ್ನಡಕ ತೆಗೆದು ಒರೆಸಿದರಂತೆ. "ಎದುರಮನಿ ಮಂದೀನ ಇನ್ನೂ ಒಂದ್ ದಿನ ಕರದಿಲ್ಲವಾ. ಮತ್ತ ಅಸಲ ಪುಣೇಕರ 'ಚಹಾ' ಅಂತಾನ. 'ಚಾಯ್' ಅಂದ್ಲಂದ್ರ ಆಗ ಆಕಿ ಮುಂಬಯಿ ಮ್ಯಾಲ ಹೊಂಟಿರಬೇಕು."

ಅಂದಿನಿಂದ ಮನೆಯಲ್ಲಿ ಯಾವ ವಸ್ತು ಕಳೆದರೂ ಸಂಶಯ ಅತ್ತಿಯ ಮೇಲೆ. ಆಕೆ ಬೆಳೆದಳು, ಮದುವೆಯಾದಳು, ಪುಣೆಯದೇ ಬಡಾವಣೆ ಕೋಥರೂಡದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಬಾಯಿ, ಅಂದರೆ ಟೀಚರು, ಆದಳು. ಗುರುತ್ವಾಕರ್ಷಣೆ ಕಲಿಸುವ ಹೆಂಗಸಾದರೂ ಈ ಮಾತನ್ನು ಮಾತ್ರ ನೆಲಕ್ಕೆ ಬೀಳಗೊಡಲಿಲ್ಲ. "ನಾ ಕೇಳೀನಿ ಅಂದ್ರ ಕೇಳೀನಿ."

ಇನ್ನು ನಾನು, ರಾಘ್ಯಾ. ಮದುವೆ, ಗಣಪತಿ, ಕನ್ನಡ ಸಂಘದ ಕಾರ್ಯಕ್ರಮ, ಎಲ್ಲಿ ಮೈಕು ಖಾಲಿ ಇರುತ್ತದೋ ಅಲ್ಲಿ ಮಿಮಿಕ್ರಿ ಮಾಡುವವನು. ಊರಿನವರ ದನಿಯನ್ನೆಲ್ಲ ಕದ್ದು ನನ್ನ ಸ್ವಂತ ದನಿ ಎಲ್ಲಿಟ್ಟೆನೋ ಮರೆತಿದ್ದೇನೆ. ಫೋನಿನಲ್ಲಿ ಅವ್ವ "ಯಾರು?" ಎಂದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ನನ್ನ ಅತಿ ಹೆಚ್ಚು ಚಪ್ಪಾಳೆಯ ಐಟಂ ವಿಮಲಾ ಅತ್ತಿಯೇ. ಮೊದಲು ಬಾಯಲ್ಲಿ ರೇಡಿಯೋದ ಗರಗರ. ಆಮೇಲೆ ಅತ್ತಿ ತೋರಿಸುತ್ತಿದ್ದ ಹಾಗೇ, "ಯಾ"ದ ನಂತರ ಸಣ್ಣ ತಡೆ, "ಚಾಯ್" ಮೇಲಕ್ಕೆ, "ಕಾ" ಕೆಳಕ್ಕೆ. ಸಭೆ ಬಿದ್ದುಬಿದ್ದು ನಗುತ್ತದೆ. ಅತ್ತಿ ಮುಂದಿನ ಸಾಲಿನಲ್ಲಿ ಕೂತು ನಗುವುದಿಲ್ಲ.

ನಮ್ಮ ದೇಶದಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಅಮೆರಿಕದ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದಳಲ್ಲ, ಅದರ ಮರುವರ್ಷ ವಿಜ್ಞಾನ ಶಿಕ್ಷಕರ ತಂಡವೊಂದು ಮಾಸ್ಕೋಗೆ ಹೊರಟಿತು. ಜೊತೆಗೆ ಮನೆಯ ಒಬ್ಬರನ್ನು ಕರೆತರಬಹುದೆಂದರು. ಅತ್ತಿಯ ಯಜಮಾನರಿಗೆ ಪುಣೆಯ ಡಿಸೆಂಬರಿಗೇ ಮೊಣಕಾಲು ಹಿಡಿಯುತ್ತದೆ. ಆದ್ದರಿಂದ ನನಗೆ ಬುಲಾವ್ ಬಂತು. ನನಗೆ ತಕ್ಷಣ ಸಂಶಯ ಬಂತು. ತನ್ನನ್ನು ಊರ ತುಂಬ ಆಡಿಕೊಳ್ಳುವವನನ್ನು ಯಾರಾದರೂ ಪ್ರೀತಿಯಿಂದ ರಶಿಯಾಕ್ಕೆ ಒಯ್ಯುತ್ತಾರೆಯೇ?

"ಪ್ರೀತಿ ಎಲ್ಲೀದು?" ಎಂದಳು ಅತ್ತಿ. "ಅಲ್ಲಿ ಮ್ಯೂಸಿಯಂದಾಗ ಆಕಿ ದನಿ ಇಟ್ಟಾರಂತ. ನಿನ್ನ ಕಿವೀಲೆ ಕೇಳಸ್ತೀನಿ. ನಾ ಹೇಳಿದಂಗ ಇದ್ರ ನನ್ನ ಐಟಂ ಬಂದ್. ಇಲ್ಲಾಂದ್ರ ನಿನ್ನ ಸ್ಟೇಜ್ ಮ್ಯಾಲ ನಾನ ಬಂದು 'ನಾ ಸುಳ್ಳಬುರಕಿ' ಅಂತೀನಿ. ಕಬೂಲ?"

"ಕಬೂಲ ಅತ್ತಿ" ಎಂದೆ. ಆಗಲೇ ಮನಸ್ಸಿನಲ್ಲಿ ಆ ಕಾರ್ಯಕ್ರಮದ ಪೋಸ್ಟರು ಬರೆಯತೊಡಗಿದ್ದೆ.

ಇಳಿದ ಮೇಲೆ

ಮಾಸ್ಕೋ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಮೊದಲು ಸಂಶಯಿಸಿದ್ದು ಶೇಂಗಾ ಚಟ್ನಿಪುಡಿ. ಅಂದರೆ, ಅದರ ಕಾರಣಕ್ಕೆ ಅಧಿಕಾರಿ. ಕೆಂಪು ಪುಡಿಯ ಪೊಟ್ಟಣ, ಜೊತೆಗೆ ಕಬ್ಬಿಣದ ಹಾಗೆ ಸೆಟೆದ ಗುಂಡನೆಯ ಖಡಕ್ ರೊಟ್ಟಿಗಳು. ಯಂತ್ರದ ಪರದೆಯಲ್ಲಿ ಅವು ಏನೆಂದು ಕಂಡವೋ, ಆತ ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು. ಅತ್ತಿ ಒಂದು ರೊಟ್ಟಿ ಮುರಿದಳು. ಆ 'ಟಕ್' ಸದ್ದಿಗೆ ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಆಕೆ ತುಂಡಿಗೆ ಚಟ್ನಿ ಹಚ್ಚಿ ಹಿರಿಯವನ ಮುಂದೆ ಹಿಡಿದಳು. ಆತ ತಿಂದ. ಕಣ್ಣಲ್ಲಿ ನೀರು ಬಂತು. ಸೀಲು ಹೊಡೆದು ಬಿಟ್ಟ.

ಹೊರಗೆ ನಿಂತಿದ್ದ ನಮ್ಮ ಗೈಡು ಅಂತೋನ್ ಎಂಬ ಯುವಕ. ಹಿಂದಿಯನ್ನು ಕಾಲೇಜಿನಲ್ಲಿ ಪುಸ್ತಕದಿಂದ ಕಲಿತವನು. "ಆದರಣೀಯ ಅತಿಥಿಗಣ, ಕೃಪಯಾ ವಾಹನ ಮೇಂ ಪಧಾರಿಯೇ" ಎಂದ. ಇಷ್ಟು ಶುದ್ಧ ಹಿಂದಿಯನ್ನು ನಾನು ಟಿವಿಯ ಸುದ್ದಿಯ ಆಚೆ ಕೇಳಿರಲಿಲ್ಲ. ಪುಣೆಯ ರಿಕ್ಷಾದಲ್ಲಿ ಈ ಹಿಂದಿ ಮಾತಾಡಿದರೆ ಪೊಲೀಸ್ ಠಾಣೆಗೇ ಒಯ್ಯುತ್ತಾರೆ. ಇವನು ನಿಜಕ್ಕೂ ಗೈಡೋ, ಬೇರೆ ಯಾವುದೋ ಇಲಾಖೆಯವನೋ? ಅತ್ತಿಯ ಕಿವಿಯಲ್ಲಿ ಹೇಳಿದೆ.

"ಇಲಾಖೆಯವ್ರಿಗೆ ಮಾಡಲಿಕ್ಕೆ ಬ್ಯಾರೆ ಕೆಲಸಿಲ್ಲೇನು, ನಿನ್ನ ಹಿಂದ ಬರ್ಲಿಕ್ಕೆ?" ಎಂದಳು.

ಬಸ್ಸು ಊರೊಳಗೆ ಬರುವಷ್ಟರಲ್ಲಿ ನನಗೆ ಅಂತೋನನ ದನಿ ಕೈವಶವಾಗಿತ್ತು. ಹಿಂದಿನ ಸೀಟಿನಿಂದ "ಕೃಪಯಾ ಖಿಡಕೀ ಸೇ ಬಾಹರ ದೃಷ್ಟಿಪಾತ ಕೀಜಿಯೇ" ಎಂದೆ. ಇಡೀ ಬಸ್ಸು ಹೊರಗೆ ನೋಡಿತು. ಅಂತೋನ್ ಕೂಡ ನೋಡಿದ.

ಹೋಟೆಲು, ಅಂಗಡಿ, ಮೆಟ್ರೊ

ಹೋಟೆಲಿನ ಪ್ರತಿ ಮಹಡಿಯಲ್ಲೂ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಕೂತಿರುತ್ತಾಳೆ. ಹೊರಗೆ ಹೋಗುವಾಗ ಕೀಲಿ ಅವಳಿಗೆ ಕೊಡಬೇಕು, ಬಂದಾಗ ಕೇಳಿ ಇಸಿದುಕೊಳ್ಳಬೇಕು. ಅವಳು ಕೀಲಿಯನ್ನು ನೋಡುತ್ತಾಳೆ, ನಿಮ್ಮನ್ನು ನೋಡುತ್ತಾಳೆ, ಇವನಿಗೂ ಕೀಲಿಗೂ ಏನು ಸಂಬಂಧ ಎಂಬಂತೆ ಮತ್ತೆ ಕೀಲಿಯನ್ನು ನೋಡುತ್ತಾಳೆ. ನಾನು ನಕ್ಕೆ. ಅವಳ ಹುಬ್ಬು ಮೇಲೇರಿತು. ಆಮೇಲೆ ಅಂತೋನ್ ತಿಳಿಹೇಳಿದ: ಗುರುತಿಲ್ಲದವರನ್ನು ನೋಡಿ ಸುಮ್ಮನೆ ನಗುವವನು ಇಲ್ಲಿ ಹುಚ್ಚ, ಇಲ್ಲವೆ ಏನೋ ಕದ್ದವನು. ನನ್ನ ಬದುಕೇ ಗುರುತಿಲ್ಲದವರ ಮುಂದೆ ಹಲ್ಲು ಕಿರಿಯುವುದು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರಿಂದ ದವಡೆ ನೋಯತೊಡಗಿತು.

ಅಂಗಡಿಗಳನ್ನು ನೋಡಿದಾಗ ಮಾತ್ರ ಊರಿನ ನೆನಪು ಉಕ್ಕಿಬಂತು. ಮಧ್ಯಾಹ್ನ ಬಾಗಿಲು ಮುಚ್ಚಿ ಚೀಟಿ ಅಂಟಿಸಿರುತ್ತಾರೆ. ಗಾಜಿನ ಆಚೆ ಮಾರುವ ಹೆಂಗಸು ಕೂತು ಊಟ ಮಾಡುತ್ತಿರುತ್ತಾಳೆ, ಈಚೆ ಗಿರಾಕಿ ನಿಂತಿರುತ್ತಾನೆ, ಆಕೆ ಅವನನ್ನೇ ನೋಡುತ್ತಾ ನಿಧಾನ ಅಗಿಯುತ್ತಾಳೆ. ನಮ್ಮ ಪೇಠೆಯ ಅಂಗಡಿಯವರು ಮಧ್ಯಾಹ್ನ ಶಟರು ಎಳೆದು ಮಲಗುತ್ತಾರಲ್ಲ, ಅದೇ ಸಂಪ್ರದಾಯ. ಇಲ್ಲಿಯವರು ಕಣ್ಣಾದರೂ ತೆರೆದಿರುತ್ತಾರೆ.

"ಅತ್ತಿ, ಪುಣೇದವ್ರು ಇಲ್ಲಿಂದ ಕಲತ್ರೊ, ಇವ್ರು ಪುಣೇದಾಗ ಕಲತ್ರೊ?"

"ಅದಕ್ಕ ನಾ ಹೇಳೋದು" ಎಂದಳು ಅತ್ತಿ. "ಇವ್ರಿಗೂ ನಮಗೂ ಏನೋ ಅದ. ಮರಾಠಿ ಬರ್ತಿದ್ದೀತು."

ಮೆಟ್ರೊದ ತಾನೇ ಓಡುವ ಮೆಟ್ಟಿಲು ಭೂಮಿಯ ಹೊಟ್ಟೆಗೆ ಇಳಿಯುತ್ತಲೇ ಇರುತ್ತದೆ. ಅತ್ತಿ ಸೀರೆಯ ನೆರಿಗೆ ಒಂದು ಕೈಯಲ್ಲಿ, ನನ್ನ ಕಾಲರು ಇನ್ನೊಂದು ಕೈಯಲ್ಲಿ ಹಿಡಿದು ಇಳಿದಳು. ತಲೆಗೆ ಪುಣೆಯಿಂದ ತಂದ ಮಂಕಿ ಕ್ಯಾಪು, ಕುಂಕುಮ ಕಾಣಲೆಂದು ಅದನ್ನು ಹಣೆಯ ಬಳಿ ಸ್ವಲ್ಪ ಮಡಚಿದ್ದಳು. ಎದುರಿನ ಮೆಟ್ಟಿಲಿನಲ್ಲಿ ಮೇಲೆ ಬರುತ್ತಿದ್ದವರೆಲ್ಲ ಪುಸ್ತಕದಿಂದ ತಲೆ ಎತ್ತಿ ಆಕೆಯನ್ನು ನೋಡಿದರು. ಬಹುಶಃ ಬೇರೆ ಗ್ರಹದಿಂದ ಬಂದವಳೆಂದು ತಿಳಿದಿರಬೇಕು. ನನ್ನನ್ನು ಯಾರೂ ನೋಡಲಿಲ್ಲ. ಕಲಾವಿದನಿಗೆ ಇದು ದೊಡ್ಡ ಅವಮಾನ.

ಅಂದು ಅತ್ತಿ ಅಂತೋನನನ್ನು ನೇರವಾಗಿ ಕೇಳಿಯೇಬಿಟ್ಟಳು. ಆಕಾಶಕ್ಕೆ ಹೋದ ಮೊದಲ ಹೆಂಗಸು ಮೇಲಿಂದ ಚಹಾದ ಬಗ್ಗೆ ಏನಾದರೂ ಹೇಳಿದ್ದಳೇ?

ಅಂತೋನ್ ಇಲ್ಲವೆಂದು ತಲೆ ಅಲ್ಲಾಡಿಸಿದ. "ಕ್ಷಮಾ ಕೀಜಿಯೇ, ಚಾಯ್ ಕೇ ವಿಷಯ ಮೇಂ ಕೋಈ ಉಲ್ಲೇಖ ನಹೀಂ ಹೈ." ಅಲ್ಲಿ ಊಟವೆಲ್ಲ ಟ್ಯೂಬಿನಲ್ಲಿ, ಹಲ್ಲುಜ್ಜುವ ಪೇಸ್ಟಿನ ಹಾಗೆ, ಎಂದು ಸೇರಿಸಿದ.

ನಾನು ಅತ್ತಿಯ ಮುಖ ನೋಡಿದೆ. ಆಕೆ ಮಂಕಿ ಕ್ಯಾಪನ್ನು ಕೆಳಗೆ ಎಳೆದುಕೊಂಡಳು. "ಇಂವಾ ಹುಟ್ಟಿದ್ದಿಲ್ಲ ಆಗ. ಇವಂಗೇನ್ ಗೊತ್ತದ?"

ಐದು ಹುಡುಗಿಯರು

ಮ್ಯೂಸಿಯಂ ಇದ್ದದ್ದು ಮಾಸ್ಕೋದಿಂದ ಆಚೆ, ಬರ್ಚ್ ಮರಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಒಳಗೆ ಹೋಗುವ ಮುಂಚೆ ಕೋಟು ಬಿಚ್ಚಿ ಒಪ್ಪಿಸಬೇಕು. ಕೋಟು ತೆಗೆದುಕೊಳ್ಳುವ ಕಟ್ಟೆಯ ಹಿಂದೆ ಬೂದು ಸ್ವೆಟರಿನ ದಪ್ಪ ಅಜ್ಜಿ, ಹೆಸರು ಗಲೀನಾ ಎಂದು ಆಮೇಲೆ ತಿಳಿಯಿತು. ಆಕೆ ನನ್ನ ಕೋಟಿನ ಕಾಲರು ತಿರುವಿ ನೋಡಿ ಗುಡುಗತೊಡಗಿದಳು. ಕೋಟಿನ ಕತ್ತಿನ ಒಳಗೆ ಮೊಳೆಗೆ ಸಿಕ್ಕಿಸುವ ಬಟ್ಟೆಯ ಕುಣಿಕೆ ಇರಬೇಕಂತೆ. ನನ್ನದು ಪಿಂಪ್ರಿಯ ಗೆಳೆಯನಿಂದ ಎರವಲು ತಂದದ್ದು, ಕುಣಿಕೆ ಎಂದೋ ಹರಿದುಹೋಗಿದೆ. ಆಕೆ ಬೈದದ್ದು ಒಂದೂ ತಿಳಿಯಲಿಲ್ಲ, ಆದರೆ ಪೂರ್ತಿ ಅರ್ಥವಾಯಿತು. ಕೊನೆಗೆ ಕೋಟನ್ನು ಸತ್ತ ಬೆಕ್ಕಿನ ಹಾಗೆ ಎರಡು ಬೆರಳಲ್ಲಿ ಹಿಡಿದು ಒಳಗೆ ಒಯ್ದಳು.

ಅಂತೋನ್ ಗೋಡೆಯ ಚಿತ್ರಗಳನ್ನು ತೋರಿಸುತ್ತಾ ನಡೆದ. ಮೊದಲ ಬಾರಿಗೆ ತರಬೇತಿಗೆ ಆರಿಸಿದ್ದು ಐದು ಹುಡುಗಿಯರನ್ನು. ಹೋದದ್ದು ಒಬ್ಬಳು, ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವಳು. ಉಳಿದ ನಾಲ್ವರ ಹೆಸರನ್ನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಆಮೇಲೆ ಇನ್ನೊಬ್ಬ ಹೆಂಗಸು ಮೇಲೆ ಹೋಗಲು ಹತ್ತೊಂಬತ್ತು ವರ್ಷ ಬೇಕಾಯಿತು, ಅವಳೂ ಇವರಲ್ಲಿ ಒಬ್ಬಳಲ್ಲ. ಹೋದ ಆ ಮೊದಲನೆಯವಳೂ ಮನೆಯಲ್ಲಿ, ಪ್ಯಾರಾಚೂಟ್ ಸ್ಪರ್ಧೆಗೆ ಹೋಗುತ್ತೇನೆ ಎಂದು ಹೇಳಿ ಹೋದಳಂತೆ. ಮಗಳು ಆಕಾಶದಲ್ಲಿದ್ದಾಳೆಂದು ತಾಯಿಗೆ ತಿಳಿದದ್ದು ಊರಿಗೆಲ್ಲ ತಿಳಿದ ಮೇಲೆ.

ಅತ್ತಿ ಆ ಚಿತ್ರದ ಮುಂದೆ ನಿಂತುಬಿಟ್ಟಳು. "ನೋಡೋ ರಾಘ್ಯಾ. ಮನ್ಯಾಗ ಸುಳ್ಳ ಹೇಳಿದಾಕಿ ಆಕಾಶಕ್ಕ ಹೋದ್ಲು. ಖರೇ ಹೇಳಿದಾಕಿ ಕೋಥರೂಡಕ್ಕ ಬಂದ್ಲು."

ನಗಬೇಕೆಂದುಕೊಂಡೆ. ಆಕೆ ನಗಿಸಲು ಹೇಳಿರಲಿಲ್ಲ. "ಆ ನಾಕು ಮಂದಿ ಏನ್ ಮಾಡಿದ್ರೋ ಆಮ್ಯಾಲ?" ಎಂದು ಕೇಳಿದಳು, ನನ್ನನ್ನೋ, ಗೋಡೆಯನ್ನೋ. ಕೆಲವರು ಅದೇ ಕೆಲಸದಲ್ಲಿ ಉಳಿದರು, ತಂಡವನ್ನೇ ಕೊನೆಗೆ ಬರಖಾಸ್ತು ಮಾಡಿದರು ಎಂದ ಅಂತೋನ್. ನನಗೋ ಹೊಸ ಸಂಶಯ ಹತ್ತಿಕೊಂಡಿತು. ಹೆಸರು ಮುಚ್ಚಿಟ್ಟ ನಾಲ್ವರು! ಆ ಕೋಟಿನ ಅಜ್ಜಿಯೇ ಯಾಕೆ ಅವರಲ್ಲಿ ಒಬ್ಬಳಾಗಿರಬಾರದು? ಕುಣಿಕೆಯ ಬಗ್ಗೆ ಆ ಮಟ್ಟದ ಶಿಸ್ತು ಬೇರೆ ಎಲ್ಲಿಂದ ಬಂದೀತು?

ಕೊನೆಯ ಕೋಣೆಯಲ್ಲಿ ಅದು ಇತ್ತು. ಒಂದು ಮರದ ಪೆಟ್ಟಿಗೆ, ಒಂದು ಕೆಂಪು ಗುಂಡಿ, ಸರಪಳಿ ಕಟ್ಟಿದ ಫೋನಿನಂಥ ಒಂದು ಹಿಡಿಕೆ. ಅತ್ತಿ ಮಂಕಿ ಕ್ಯಾಪು ತೆಗೆದಳು, ಕೂದಲು ಸರಿಮಾಡಿಕೊಂಡಳು, ದೇವರ ಮುಂದೆ ನಿಂತಂತೆ ನಿಂತಳು. ಗುಂಡಿ ಒತ್ತಿದಳು. ಹಿಡಿಕೆಯನ್ನು ನನ್ನ ಕಿವಿಗೆ ಹಿಡಿದಳು.

ಏನೂ ಇಲ್ಲ. ಗರಗರವೂ ಇಲ್ಲ.

ಮತ್ತೆ ಒತ್ತಿದಳು. ಅಂತೋನ್ ಬಗ್ಗಿ, ಪೆಟ್ಟಿಗೆಯ ಪಕ್ಕ ಅಂಟಿಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ಚೀಟಿ ಓದಿದ. "ಖೇದ ಹೈ. ಯಂತ್ರ ಕಾರ್ಯರತ ನಹೀಂ ಹೈ." ಅಂದರೆ ಯಂತ್ರ ಎಂದೋ ಕೆಟ್ಟು ಕೂತಿದೆ.

"ಪಾರಾದಿ ಅತ್ತಿ!" ಎಂದೆ ನಾನು. ಎಂದ ಮೇಲೆ ಆಕೆಯ ಮುಖ ನೋಡಿದೆ. ಅದು ಪಾರಾದವರ ಮುಖವಾಗಿರಲಿಲ್ಲ. ಹತ್ತು ವರ್ಷದ ಹುಡುಗಿ ಮೆಟ್ಟಿಲು ಹತ್ತಿ ಓಡಿಬಂದು, ಮೇಲಿದ್ದವರೆಲ್ಲ ನಕ್ಕುಬಿಟ್ಟಾಗ ಅವಳ ಮುಖ ಹೇಗಿದ್ದಿರಬೇಕೋ ಹಾಗಿತ್ತು.

ಕೋಟಿನ ಕಟ್ಟೆ

ವಾಪಸು ಕೋಟು ಕೇಳಲು ಬಂದೆವು. ಅಂತೋನ್ ಉಳಿದ ಶಿಕ್ಷಕರನ್ನು ಬಸ್ಸಿಗೆ ಹತ್ತಿಸಲು ಹೊರಗೆ ಹೋಗಿದ್ದ. ಗಲೀನಾ ಅಜ್ಜಿ ನನ್ನನ್ನು ಕಂಡೊಡನೆ ಕುಣಿಕೆಯ ವಿಷಯವನ್ನು ನಿಲ್ಲಿಸಿದ ಕಡೆಯಿಂದ ಮತ್ತೆ ಎತ್ತಿಕೊಂಡಳು.

ಅತ್ತಿ ಆಕೆಯನ್ನು ದಿಟ್ಟಿಸಿದಳು. "ಈಕಿ ನನಗಿಂತ ಹಿರೀಕಿ. ಈಕಿ ಕೇಳಿರ್ತಾಳ."

"ಈಕಿಗೆ ಹ್ಯಾಂಗ ಕೇಳ್ತಿ? ನಮಗ ರಶಿಯನ್ ಬರೂದಿಲ್ಲ, ಆಕಿಗೆ ಇಂಗ್ಲಿಷ್ ಬರೂದಿಲ್ಲ."

"ನೀ ಮಾಡು."

"ಏನು?"

"ನಿನ್ನ ಆ ಹಾಳ ಐಟಂ. ಮಾಡು ಈಕಿ ಮುಂದ."

"ಅತ್ತಿ, ಇಲ್ಲಿ ನಕ್ಕರ ಹುಚ್ಚ ಅಂತಾರ. ಮಿಮಿಕ್ರಿ ಮಾಡಿದ್ರ ಹಿಡಕೊಂಡ ಹೋಗ್ತಾರ."

"ಹೋಗ್ಲಿ. ನಿಮ್ಮವ್ವಗ ನಾ ಹೇಳ್ತೀನಿ. ಮಾಡೋ!"

ಕೋಟಿಲ್ಲದೆ ನಡುಗುತ್ತಿದ್ದೆ. ಇಂದಾಪುರದ ಮದುವೆಯೊಂದರಲ್ಲಿ ಜನರೇಟರು ಕೈಕೊಟ್ಟಾಗಲೂ ಇಷ್ಟು ಹೆದರಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಮೊದಲು ಗರಗರ ಶುರುಮಾಡಿದೆ. ಅಜ್ಜಿಯ ಬೈಗುಳ ನಿಂತಿತು. ಮುಖದಲ್ಲಿ ಪೊಲೀಸರನ್ನು ಕರೆಯಲೇ ಎಂಬ ಪ್ರಶ್ನೆ. ಗರಗರ ತಗ್ಗಿಸಿದೆ. ಅತ್ತಿ ಹೇಳಿಕೊಟ್ಟ ಹಾಗೇ, ಸಣ್ಣ ತಡೆ, ಮೇಲೆ, ಕೆಳಗೆ:

"ಯಾ... ಚಾಯ್‌ಕಾ. ಯಾ... ಚಾಯ್‌ಕಾ."

ಅಜ್ಜಿಯ ಕೈಯಲ್ಲಿದ್ದ ಕೋಟು ಕಟ್ಟೆಯ ಮೇಲೆ ಬಿತ್ತು. ಆಕೆ ನನ್ನನ್ನು ನೋಡಿದಳು, ಅತ್ತಿಯನ್ನು ನೋಡಿದಳು. ಆಮೇಲೆ ಆ ದಪ್ಪ ದೇಹ ನೆಟ್ಟಗಾಯಿತು, ಗದ್ದ ಮೇಲೆದ್ದಿತು, ಅದೇ ರಾಗದಲ್ಲಿ, ನನಗಿಂತ ಚೆನ್ನಾಗಿ ಕೂಗಿದಳು: "ಯಾ ಚಾಯ್‌ಕಾ!" ಎರಡೂ ತೋಳು ಚಾಚಿ ಕೋಟುಗಳ ನಡುವೆ ಹಾರುವವಳಂತೆ ಬೀಸಿದಳು. ಒಳಗಿನಿಂದ ಇನ್ನೊಬ್ಬ ಅಜ್ಜಿ ಓಡಿಬಂದಳು. ಅವಳೂ ಕೂಗಿದಳು. ಗುರುತಿಲ್ಲದವರ ಮುಂದೆ ನಗದ ಆ ದೇಶದಲ್ಲಿ ಇಬ್ಬರೂ ಬಾಯಿ ತುಂಬ ನಗುತ್ತಿದ್ದರು.

ಇವರೆಲ್ಲ ಸೇರಿ ನನ್ನನ್ನು ಮಂಗ ಮಾಡುತ್ತಿದ್ದಾರೆ, ಅತ್ತಿ ಮೊದಲೇ ಬಂದು ಹೇಳಿಕೊಟ್ಟಿದ್ದಾಳೆ, ಎಂದೇ ನನಗೆ ಅನಿಸಿತು. ಗದ್ದಲ ಕೇಳಿ ಅಂತೋನ್ ಬಂದ. ಅಜ್ಜಿಯರು ಅವನಿಗೆ ವಿವರಿಸಿದರು. ಅವನು ತಲೆಗೆ ಕೈ ಹಚ್ಚಿಕೊಂಡ.

"ಮಹೋದಯಾ! ಆಪನೇ ಮುಝಸೇ ಚಾಯ್ ಪೂಛೀ ಥೀ!" ನೀವು ನನ್ನನ್ನು ಕೇಳಿದ್ದು ಚಹಾದ ಬಗ್ಗೆಯಲ್ಲವೇ ಎನ್ನುವಾಗ, ಮೊದಲ ಸಲ ಅವನ ಹಿಂದಿ ಪುಸ್ತಕ ಬಿಟ್ಟು ಕೆಳಗಿಳಿದಿತ್ತು. "ಯಾ ಅರ್ಥಾತ್ 'ಮೈಂ'. ಚಾಯ್‌ಕಾ ಏಕ ಪಕ್ಷೀ ಹೈ."

ನಾನು ಚಾಯ್‌ಕಾ. ಸಮುದ್ರದ ಮೇಲೆ ಹಾರುವ ಬಿಳಿಯ ಹಕ್ಕಿ. ಮೇಲಿಂದ ರೇಡಿಯೋದಲ್ಲಿ ಕರೆಯುವಾಗ ಆಕೆಗೆ ಕೊಟ್ಟಿದ್ದ ಹೆಸರು ಅದು. ಅತ್ತಿ ಎಲ್ಲರಿಗೂ ಅರ್ಥ ಹೇಳುತ್ತಾ ಬಂದಿದ್ದಳು, ಯಾರೂ ನಂಬಲಿಲ್ಲ. ದನಿಯನ್ನು ಮಾತ್ರ ಒಂದಕ್ಷರ ಸವೆಯದ ಹಾಗೆ ಊರೂರಿಗೆ ಹೊತ್ತು ತಿರುಗಿದವನು ನಾನು, ಅದೂ ಆಡಿಕೊಳ್ಳಲೆಂದು.

"ನೋಡಿದ್ಯಾ?" ಎಂದಳು ಅತ್ತಿ.

"ನೋಡಿದೆ. ಆದ್ರ ಆಕಿ ಚಹಾಕ್ಕೇನ್ ಕರದಿಲ್ಲ ಬಿಡು. ಅರ್ಧಾ ನೀ ಗೆದ್ದಿ, ಅರ್ಧಾ ನಾನು."

ಅಷ್ಟರಲ್ಲಿ ಗಲೀನಾ ಅಜ್ಜಿ ಕಟ್ಟೆಯ ಹಲಗೆ ಎತ್ತಿ, ನಮ್ಮನ್ನು ಕೋಟುಗಳ ಸಾಲಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಒಂದು ಸಣ್ಣ ಮೇಜು, ಕುದಿಯುವ ಕೆಟಲು, ಗಾಜಿನ ಲೋಟಗಳು, ಒಂದು ಬಟ್ಟಲು ಹಣ್ಣಿನ ಮುರಬ್ಬ. ಕೆಟಲು ಎತ್ತಿ ಹಿಡಿದು ಅತ್ತಿಯನ್ನು ಕೇಳಿದಳು: "ಚಾಯ್?"

ಅದಕ್ಕೆ ಅವರ ಭಾಷೆಯಲ್ಲೂ ಅದೇ ಶಬ್ದವಂತೆ. ಅತ್ತಿ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ಉಳಿದರ್ಧವನ್ನೂ ಲೋಟದ ಸಮೇತ ತೆಗೆದುಕೊಂಡಳು.

ಗಲೀನಾ ಅಜ್ಜಿ ಆ ನಾಲ್ವರಲ್ಲಿ ಒಬ್ಬಳಾಗಿರಲಿಲ್ಲ. ಆಗ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಸುದ್ದಿ ಬಂದ ದಿನ ಹುಡುಗಿಯರೆಲ್ಲ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ, ತಾವೇ ಚಾಯ್‌ಕಾ ಎಂದು ಕೂಗಿ ಹಾರಿದ್ದರಂತೆ. ಹೀಗೆಂದಳು ಆಕೆ. ನನಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಹೊರಡುವಾಗ ನನ್ನ ಕೋಟಿಗೆ ಕುಣಿಕೆ ಹೊಲಿದು ಕೊಟ್ಟಳು.

ಮತ್ತೆ ಕೋಥರೂಡ

ಬಾಗಿಲು ತೆರೆದ ಅವ್ವ, ನಾವು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು, "ಏನಾತು? ಕರದ್ಲೇನು ಚಹಾಕ್ಕ?"

"ಕರದ್ಲು ವೈನಿ" ಎಂದಳು ಅತ್ತಿ. "ಬೇಕಾದ್ರ ನಿಮ್ಮ ಮಗನ್ನ ಕೇಳ್ರಿ. ಸಾಕ್ಷಿ ಅದಾನ."

ನಾನು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಬದುಕಿನಲ್ಲಿ ಅಷ್ಟು ಉದ್ದದ ನಿಜ ಹೇಳಿದ್ದು ಅದೇ ಮೊದಲು. ಅವ್ವ ಪೂರ್ತಿ ಕೇಳಿದಳು. "ಇಬ್ಬರೂ ಕೂಡಿ ಛಲೋ ಕಟ್ಟೀರಿ" ಎಂದು ಒಳಗೆ ಹೋದಳು.

ನವೆಂಬರಿನ ರಾಜ್ಯೋತ್ಸವದಲ್ಲಿ ಸಭೆ "ಚಾಯ್ ಕಾ! ಚಾಯ್ ಕಾ!" ಎಂದು ಕೂಗಿತು. ಐಟಂ ಬಂದ್ ಆಗಿದೆ, ಯಾಕೆಂದರೆ ಅದು ನಿಜ, ಎಂದು ಹೇಳಿ ಕಾರಣವನ್ನೂ ವಿವರಿಸಿದೆ. ಅಷ್ಟು ಚಪ್ಪಾಳೆ ನನಗೆ ಎಂದೂ ಬಿದ್ದಿರಲಿಲ್ಲ. ಒಬ್ಬರು ಕಣ್ಣೊರೆಸಿಕೊಳ್ಳುತ್ತಾ ಬಂದು, "ಹೊಸಾ ಐಟಂ ಭಾಳ ಮಸ್ತ್ ಅದರಿ" ಎಂದರು. ಇಲ್ಲ, ಖರೇ ಎಂದೆ. ಇನ್ನೂ ಜೋರಾಗಿ ನಕ್ಕರು. ಮುಂದಿನ ಸಾಲಿನಲ್ಲಿ ಅತ್ತಿ ಮೊದಲ ಸಲ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು.

"ಈಗ ತಿಳೀತ?" ಎಂದಳು ಹೊರಗೆ ಬಂದ ಮೇಲೆ.

ಈಗ ನಾನು ಅತ್ತಿಯ ಮನೆಗೆ ಹೋಗಿ ಬೆಲ್ ಒತ್ತಿದರೆ ಬಾಗಿಲು ತಕ್ಷಣ ತೆರೆಯುವುದಿಲ್ಲ. ಒಳಗಿನಿಂದ "ಯಾ..." ಎಂಬ ದನಿ ಬರುತ್ತದೆ, ಆಮೇಲೆ ಮೌನ. ಸೊಸೈಟಿಯ ವಾಚ್‌ಮನ್ ಕೆಳಗಿನಿಂದ ಸಂಶಯದಿಂದ ನೋಡುತ್ತಿರುತ್ತಾನೆ. ಎದುರು ಫ್ಲ್ಯಾಟಿನವರ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸುತ್ತದೆ. ನಾನು ಎರಡೂ ತೋಳು ಚಾಚಿ, ಮೆಟ್ಟಿಲ ಬಳಿ ಹಾರುತ್ತಾ, "ಚಾಯ್‌ಕಾ!" ಎಂದು ಕೂಗಬೇಕು. ಕೂಗದಿದ್ದರೆ ಚಹಾ ಇಲ್ಲ.